ಮುಳುಗುವ ತುದಿಯ ಸಿಂಗಾರ

ಇರೊಫಾಲು ಈಟಿ ಮಾಡುವುದಿಲ್ಲ, ಕಟ್ಟುತ್ತಾನೆ.
ಯಾರಾದರೂ ಬಾಯಿತಪ್ಪಿ ‘ಮಾಡಿದೆಯಾ’ ಅಂದರೆ
ಅಲ್ಲೇ ತಿದ್ದುತ್ತಾನೆ:
ಬಿದಿರು ತಾನೇ ಬೆಳೆದದ್ದು.
ಮುಳ್ಳುಗಳು ಕರಿತಾಳೆಯೊಳಗೆ ಮೊದಲೇ ಇದ್ದವು,
ಕಲ್ಲಿಗೆ ಉಜ್ಜಿ ಹೊರಗೆ ಕರೆದೆ, ಅಷ್ಟೇ.
ನನ್ನದು ಅಂತ ಇರುವುದು
ಇವೆರಡರ ನಡುವಿನ ಒಂದು ಗೇಣು.

ಆ ಗೇಣಿನಲ್ಲೇ ಅಜ್ಜನ ಬೆಳಗುಗಳೆಲ್ಲ ಸವೆದವು.
ಹವಳದ ಕಲ್ಲು ಹೊತ್ತು, ಒಂದರ ಮೇಲೊಂದು ಪೇರಿಸಿ
ಹಿಂದಿನವರು ಕಡಲಲ್ಲಿ ಎಬ್ಬಿಸಿದ ನೆಲ ನಮ್ಮದು.
ಅಂಗಳವೆಂದರೆ ಹತ್ತು ಹೆಜ್ಜೆ,
ಹನ್ನೊಂದನೆಯದು ನೀರು.
ಅಲ್ಲಿ ಕಾಲು ಚಾಚಿ ಕೂತು
ದಾರದ ಒಂದು ತುದಿ ಕಾಲ್ಬೆರಳಿಗೆ, ಒಂದು ಹಲ್ಲಿಗೆ
(ಆಗ ಏನು ಕೇಳಿದರೂ ಉತ್ತರ ‘ಹ್ಞೂಂ’)
ಐದು ಮುಳ್ಳುಗಳನ್ನು ಅರೆಬಿರಿದ ಮೊಗ್ಗಿನ ಹಾಗೆ ಹಿಡಿದು
ಬಿಗಿಯುತ್ತಾನೆ.

ಸೀತಾಳೆ ಕಾಂಡದ ಸಿಪ್ಪೆ ಒಣಗಿದರೆ ಹಳದಿ.
ಬೇರಿನ ರಸಕ್ಕೆ ಸುಣ್ಣ ಬಿದ್ದರೆ ಕೆಂಪು,
ಅದರಲ್ಲಿ ತೆಂಗಿನ ನಾರು ಎರಡು ರಾತ್ರಿ.
ಕಾಡುಬೀಜ ಅರೆದ ಅಂಟು ಕಪ್ಪು,
ಅದು ಆರುವ ಮೊದಲು ಒತ್ತಿದ ಚಿಪ್ಪಿನ ಚೂರು
ಕಿರುಬೆರಳ ಉಗುರಿಗಿಂತ ಚಿಕ್ಕದು.
ಹಳದಿ ಮೇಲೆ, ಕೆಂಪು ಕೆಳಗೆ, ಮತ್ತೆ ಕೆಂಪು ಮೇಲೆ,
ಮಡಚಿ ಬಿಚ್ಚಿ ಮಡಚುವ
ಕಡಲಹಕ್ಕಿಯ ರೆಕ್ಕೆಗಳು ಸಾಲಾಗಿ.

ಚಿಕ್ಕವಳಿದ್ದಾಗ ಕೇಳಿದ್ದೆ:
ಅಜ್ಜಾ, ಹಿಡಿಯುವ ಕಡೆ ಬೋಳು,
ಮುಳುಗುವ ಕಡೆ ಇಷ್ಟು ಸಿಂಗಾರ.
ಯಾರು ನೋಡಲಿ ಅಂತ?
ಹ್ಞೂಂ, ಅಂದ.
ಉತ್ತರ ಬಂದದ್ದು ಮೂರು ದಿನ ಕಳೆದು,
ಗೆಣಸು ಸುಲಿಯುತ್ತ, ಬೇರೇನೋ ಮಾತಿನ ನಡುವೆ:
“ಮೀನು ನೋಡುತ್ತದಲ್ಲ, ಅರೊಫಿನಿಯಾ.
ಸಾಯುವವರ ಎದುರಿಗೆ ಯಾರಾದರೂ
ಹರಕು ಉಟ್ಟುಕೊಂಡು ಹೋಗುತ್ತಾರೇನೆ?”

ಒಮ್ಮೆ ಮೋಟಾರು ದೋಣಿಯಲ್ಲಿ ಒಬ್ಬ ಬಿಳಿಯ ಬಂದ.
ಟೇಪು ಹಿಡಿದು ಅಳೆದ, ಬರೆದುಕೊಂಡ,
ನೀರು ತಾಗದ್ದೇ ಒಂದು ಬೇಕು ಅಂದ.
ನೀರು ತಾಗದ್ದು ಈಟಿಯಲ್ಲ, ಕೋಲು,
ಕೋಲಿಗೆ ಇಷ್ಟು ದುಡ್ಡೇ, ಅಂತ ಅಜ್ಜ
ಅರ್ಧ ವಾಪಸು ಎಣಿಸಿ ಕೊಟ್ಟ.
ಅಮ್ಮ ಒಂದು ವಾರ ಮಾತಾಡಲಿಲ್ಲ.

ಈಗ ಸೀತಾಳೆ ಹಬ್ಬಿದ್ದ ಮರಗಳು
ಯಾವುದೋ ಹಡಗಿನ ಹೊಟ್ಟೆಯಲ್ಲಿ.
ತಮ್ಮ ಫುಗುಯಿ ಔಕಿ ಪೇಟೆಯಿಂದ ಬಂದವನು
ಮುರಿದ ಕೊಡೆಯ ಕಡ್ಡಿಗಳನ್ನು ಮಸೆದ.
ಅಕ್ಕಿಚೀಲದ ಅಂಚಿನಿಂದ ಎಳೆ ಎಳೆಯಾಗಿ
ಪ್ಲಾಸ್ಟಿಕ್ ದಾರ ಬಿಡಿಸಿದ: ನೀಲಿ.
ಅಜ್ಜನ ಎಪ್ಪತ್ತು ವರ್ಷದ ಗೇಣಿನಲ್ಲಿ
ಎಂದೂ ಇರದ ಬಣ್ಣ.
ಕಾಲ್ಬೆರಳಿಗೆ ಒಂದು ತುದಿ, ಹಲ್ಲಿಗೊಂದು.
ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜ ದೂರದಿಂದಲೇ ಕುತ್ತಿಗೆ ಚಾಚಿ ನೋಡಿದ.
“ನೀಲಿ ನೀರಲ್ಲಿ ನೀಲಿ. ಕಾಣಿಸೀತೇನೋ?”
“ಕಾಣದಿದ್ದರೆ ಒಳ್ಳೆಯದೇ ಅಲ್ಲವಾ, ಮೀನು ಹೆದರುವುದಿಲ್ಲ.”
ಅಜ್ಜ ಎದ್ದು ಒಳಗೆ ಹೋದ.
ತುಂಬ ಹೊತ್ತು ಡಬ್ಬಿ ಸದ್ದಾಯಿತು.
ಹೊರಗೆ ಬಂದು, ಏನೂ ಹೇಳದೆ,
ತಮ್ಮನ ಮೊಣಕಾಲಿನ ಮೇಲೆ ಇಟ್ಟ
ಒಂದು ಚೂರು ಚಿಪ್ಪು.

ಆ ರಾತ್ರಿ ಚಂದ್ರನಿರಲಿಲ್ಲ.
ಮಡಿಲಗರಿಯ ಸೂಡಿ ಹಿಡಿದು ನಾನು ಅಂಚಿನಲ್ಲಿ ನಿಂತಿದ್ದೆ.
ದೋಣಿ ಬಂತು, ಎರಡು ಮೀನು, ಮೂರನೆಯದು ಸಣ್ಣದು.
ಅಜ್ಜ ಮೀನು ನೋಡಲಿಲ್ಲ.
ಈಟಿ ಇಸಿದುಕೊಂಡು
ಒದ್ದೆ ಕಟ್ಟಿನ ಮೇಲೆ ಕತ್ತಲಲ್ಲೇ ಉಗುರು ಓಡಿಸಿದ,
ಸುತ್ತು ಸುತ್ತು ಎಣಿಸುತ್ತ.
ಹನ್ನೆರಡೋ ಹದಿಮೂರೋ, ಒಂದು ಕಡೆ ಉಗುರು ನಿಂತಿತು.
ಫುಗುಯಿ ಉಸಿರು ಬಿಡಲಿಲ್ಲ.

ಅಜ್ಜನ ಹಲ್ಲಿನಲ್ಲಿ ದಾರವಿರಲಿಲ್ಲ.
ಆದರೂ ಅವನು ಅಂದ,
ಹ್ಞೂಂ.